ಒಲ್ಲೆನೆಂದ ಪಟ್ಟದಾನೆ

ಬಹಳ ಹಿಂದೆ, ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ನಡುವೆ ಸಿರಿವೊಳಲು ಎಂಬ ರಾಜ್ಯವಿತ್ತು. ಅದು ನಮ್ಮ ಹಿರಿಯರ ರಾಜ್ಯ. ಆದ್ದರಿಂದ ಈ ಕತೆ ಹೇಳುವಾಗ ನನ್ನ ದನಿಯಲ್ಲಿ ಕೊಂಚ ಜಂಬ ಕೇಳಿಸಿದರೆ ಸೈರಿಸಿಕೊಳ್ಳಿ. ಜಂಬಪಡುವಂಥದ್ದು ನಡೆದದ್ದು ಕೊನೆಯಲ್ಲಿ. ಮೊದಲು ನಡೆದದ್ದೆಲ್ಲ ನಾಚಿಕೆಪಡುವಂಥದ್ದೇ, ಅದನ್ನೂ ನಾನು ಮುಚ್ಚಿಡುವುದಿಲ್ಲ.

ಸಿರಿವೊಳಲಿನಲ್ಲಿ ಏಳು ನ್ಯಾಯಪೀಠಗಳಿದ್ದವು. ಒಬ್ಬ ನ್ಯಾಯಾಧೀಶ ತೀರಿಕೊಂಡರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ಆರಿಸುವ ಕೆಲಸ ರಾಜನದೂ ಅಲ್ಲ, ಪ್ರಜೆಗಳದೂ ಅಲ್ಲ, ಪಟ್ಟದಾನೆಯದು. ಆನೆಯ ಹೆಸರು ಮೇಘರಾಜ. ಅದರ ಸೊಂಡಿಲಿಗೆ ಸೇವಂತಿಗೆಯ ಹಾರ ಕೊಟ್ಟು ಅರಮನೆಯ ಮುಂದಿನ ಬಯಲಿಗೆ ಬಿಡುತ್ತಿದ್ದರು. ಅದು ಯಾರ ಕೊರಳಿಗೆ ಹಾರ ಹಾಕುತ್ತದೋ ಅವನೇ ನ್ಯಾಯಾಧೀಶ. ಆನೆಗೆ ನೆಂಟರಿಲ್ಲ, ಮುಲಾಜಿಲ್ಲ, ಅದು ತಪ್ಪು ಮಾಡುವುದೆಲ್ಲಿಂದ ಎಂದು ಜನ ನಂಬಿದ್ದರು. ರಾಜ ಸಿಂಗರಸನೂ ಹಾಗೇ ನಂಬಿದ್ದ. ಅವನು ಕೆಟ್ಟವನಲ್ಲ, ಆದರೆ ತಲೆಕೆಡಿಸಿಕೊಳ್ಳುವ ಕೆಲಸವನ್ನು ಯಾರಾದರೂ ಹೊತ್ತುಕೊಂಡರೆ ಅವನಿಗೆ ಬಲು ಹಿತ.

ಮೂವತ್ತು ವರ್ಷದಲ್ಲಿ ಆನೆ ಯಾರ್ಯಾರಿಗೆ ಹಾರ ಹಾಕಿತ್ತು, ಕೇಳಿ. ಮೊದಲ ಪೀಠಕ್ಕೆ ಆಸ್ಥಾನದ ಮಾಂತ್ರಿಕ ಕಾಳಂಜನ ಅಣ್ಣ. ಎರಡನೆಯದಕ್ಕೆ ಕಾಳಂಜನ ಭಾವಮೈದುನ. ಮೂರನೆಯದಕ್ಕೆ ಷಡ್ಡಕ. ನಾಲ್ಕನೆಯದಕ್ಕೆ ಅಳಿಯ. ಐದನೆಯದಕ್ಕೆ ಅಳಿಯನ ತಮ್ಮ. ಆರನೆಯದಕ್ಕೆ ಚಿಕ್ಕಪ್ಪನ ಮಗ. ಏಳನೆಯವನು ನೆಂಟನಲ್ಲ, ದಿನಾ ಕಾಳಂಜನ ಮನೆಯಲ್ಲೇ ಊಟ ಮಾಡುತ್ತಿದ್ದವನು. ಆನೆಗೆ ನೆಂಟರಿರಲಿಲ್ಲ ನಿಜ, ಕಾಳಂಜನಿಗೆ ಮಾತ್ರ ಬೇಕಾದಷ್ಟಿದ್ದರು.

ಈ ಸಿರಿವೊಳಲಿನ ಕುಂಬಾರ ಓಣಿಯಲ್ಲಿ ಮಲ್ಲಾಜಿ ಎಂಬ ಹುಡುಗಿಯಿದ್ದಳು. ವಯಸ್ಸು ಇಪ್ಪತ್ತು. ತಿಗರಿಯ ಮುಂದೆ ಕೂತರೆ ಅವಳ ಕೈಯಲ್ಲಿ ಮಣ್ಣು ಹೇಳಿದ ಹಾಗೆ ಕೇಳುತ್ತಿತ್ತು. ಓಣಿಯ ಐವತ್ತು ಮನೆಗಳೂ ಬದುಕುತ್ತಿದ್ದದ್ದು ಊರಾಚೆಯ ಹಳೇಕೊಳದ ಜೇಡಿಮಣ್ಣಿನಿಂದ. ಒಂದು ದಿನ ಗೋವಳರ ಯಜಮಾನ ಕೆಂಚೇಗೌಡ ಕೊಳ ತಮ್ಮ ದನಗಳಿಗೆ ಸೇರಬೇಕೆಂದು ಮೂರನೆಯ ಪೀಠಕ್ಕೆ ದೂರು ಕೊಟ್ಟ. ಅಲ್ಲಿ ಕೂತಿದ್ದವನು ಕಾಳಂಜನ ಷಡ್ಡಕ ದೇವಣ್ಣಯ್ಯ. ಅವನ ಮಗಳನ್ನು ಸೊಸೆಯಾಗಿ ತಂದುಕೊಂಡವನು ಕೆಂಚೇಗೌಡ. ಬೀಗರು ಬೀಗರು ಮುಖ ನೋಡಿಕೊಂಡರು, ತೀರ್ಪು ಬಂತು.

"ಕೊಳ ಗೋವಳರದು. ಏಳಿ," ಎಂದ ದೇವಣ್ಣಯ್ಯ.

ಮಲ್ಲಾಜಿ ಏಳಲಿಲ್ಲ. "ಯಾಕೆ ಸ್ವಾಮಿ?" ಎಂದಳು.

"ಏನಂದೆ?"

"ನಾವು ಯಾಕೆ ಸೋತ್ವಿ? ಅದೊಂದು ಮಾತು ಹೇಳಿಬಿಡಿ, ಎದ್ದು ಹೋಗ್ತೀವಿ."

ದೇವಣ್ಣಯ್ಯ ಮೂಗು ಮುರಿದ. "ನನ್ನನ್ನು ಈ ಪೀಠಕ್ಕೆ ಆರಿಸಿದ್ದು ಪಟ್ಟದಾನೆ. ಯಾಕೆ ಅಂತ ಕೇಳೋದಿದ್ದರೆ ಹೋಗಿ ಆನೆಯನ್ನೇ ಕೇಳು."

ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲ್ಲಾಜಿಗೆ ಮೈಯೆಲ್ಲ ಉರಿಯಿತು. ಸೋತದ್ದಕ್ಕೆ ಅಷ್ಟು ಉರಿಯಲಿಲ್ಲ. ಯಾಕೆ ಸೋತೆವೆಂದು ಗೊತ್ತಾಗದೆ ಸೋತದ್ದಕ್ಕೆ ಉರಿಯಿತು.

ಮಣ್ಣಿಲ್ಲದೆ ತಿಗರಿಗಳು ನಿಂತವು, ಮಡಕೆ ಸುಡುವ ಆವಿಗೆಗಳು ಆರಿದವು. ಎಂಟು ದಿನದೊಳಗೆ ಕೊಳ ಸಿಗದಿದ್ದರೆ ಇಡೀ ಓಣಿ ಗುಳೆ ಹೊರಡುವುದೆಂದು ಹಿರಿಯರು ತೀರ್ಮಾನಿಸಿದರು. ಮಲ್ಲಾಜಿಯ ತಾಯಿ ಕದಿರವ್ವ ತಿಗರಿಯ ಕೀಲು ಬಿಚ್ಚಿ ಗೋಣಿಯಲ್ಲಿ ಕಟ್ಟತೊಡಗಿದಳು. ಅದನ್ನು ನೋಡಲಾರದೆ ಮಲ್ಲಾಜಿ ಎದ್ದಳು.

"ಎಲ್ಲಿಗೇ?" ಎಂದಳು ತಾಯಿ.

"ಆನೆಯನ್ನ ಕೇಳೋಕೆ."

"ಹುಚ್ಚಿ! ಅವರು ಅಣಕಿಸಿ ಅಂದದ್ದು ಕಣೆ."

"ಅಣಕಿಸಿಯೇ ಅನ್ನಲಿ. ಅಪ್ಪಣೆ ಅಪ್ಪಣೆಯೇ ಅಲ್ಲವೇನವ್ವ?"

ಹೀಗೆ ಸಿರಿವೊಳಲಿನಲ್ಲಿ ನ್ಯಾಯಾಧೀಶನ ಅಣಕದ ಮಾತನ್ನು ನಿಜವೆಂದೇ ಹಿಡಿದು ಹೊರಟವಳು ಅವಳೊಬ್ಬಳೇ.

ಆನೆಯ ಲಾಯದಲ್ಲಿ ಮುದಿ ಮಾವುತ ಜಟ್ಟಪ್ಪ ಕೂತಿದ್ದ. ಮಲ್ಲಾಜಿ ಆನೆಯ ಮುಂದೆ ನಿಂತು ಕೈಮುಗಿದು, "ಮೇಘರಾಜಪ್ಪ, ದೇವಣ್ಣಯ್ಯನವರನ್ನ ಯಾಕೆ ಆರಿಸಿದೆ?" ಎಂದು ಕೇಳಿದಳು. ಆನೆ ಮಿಸುಕಲಿಲ್ಲ. ಅದರ ರೆಪ್ಪೆಯ ಮೇಲೆ ನೊಣ ಕೂತಿತ್ತು, ಆನೆ ಕಣ್ಣು ಮಿಟುಕಿಸಲಿಲ್ಲ. ಹೆಸರು ಹಿಡಿದು ಕೂಗಿದರೂ ಕಿವಿ ಬೀಸಲಿಲ್ಲ. ಮಲ್ಲಾಜಿ ಮೂಲೆಯಲ್ಲಿದ್ದ ಬೇವಿನ ಹಿಂಡಿಯ ಉಂಡೆಯೊಂದನ್ನು ಎತ್ತಿ ಅದರ ಬಾಯಿಗಿಟ್ಟಳು. ಆನೆ ತುಟಿಪಿಟಕ್ಕೆನ್ನದೆ ನುಂಗಿತು.

"ಅಜ್ಜಾ, ಇದೇನು? ಇಷ್ಟು ಕಹಿ ಕೊಟ್ಟರೂ ಬೇಡ ಅನ್ನೋದಿಲ್ಲವಲ್ಲ!"

ಜಟ್ಟಪ್ಪ ಅತ್ತಿತ್ತ ನೋಡಿದ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. "ಮೂವತ್ತು ವರ್ಷ ಬಾಯಿ ಹೊಲಿದುಕೊಂಡಿದ್ದೆ ಮಗಾ. ನೀನು ಕೇಳಿದೆ, ಹೇಳ್ತೀನಿ. ಆ ಕಾಳಂಜ ನನ್ನ ಕೂಸಿಂದ ಮೂರನ್ನ ಕದ್ದ. ಕಣ್ಣಿನ ಬೆಳಕು ಒಂದು. ಕಿವಿಯ ಕೇಳ್ಮೆ ಒಂದು. 'ಒಲ್ಲೆ' ಅನ್ನೋ ಮಾತು ಒಂದು. ಈಗ ಅವನು ತಳ್ಳಿದ ಕಡೆ ಇದು ನಡೀತದೆ, ತೋರಿಸಿದ ಕೊರಳಿಗೆ ಹಾರ ಹಾಕ್ತದೆ. ಯಾರನ್ನ ಆರಿಸೋದು ಅಂತ ಅವನೂ ಅವನ ನ್ಯಾಯಾಧೀಶರೂ ವಾರ ಮೊದಲೇ ಕದ ಹಾಕಿಕೊಂಡು ಗೊತ್ತು ಮಾಡಿರ್ತಾರೆ."

"ಕದ್ದದ್ದನ್ನ ಎಲ್ಲಿಟ್ಟಿದಾನೆ?"

"ಜಗಳ ತೀರದ ಮೂರು ಜಾಗದಲ್ಲಿ. ಕರಿಬಂಡೆಯ ಗವಿ, ನೀಲಿ ಸರೋವರ, ಎಲ್ಲಕ್ಕೂ ಎತ್ತರದ ಬೆಟ್ಟದ ತುದಿ. ಅಂಥ ಜಾಗದಲ್ಲಿ ಬಚ್ಚಿಟ್ಟದ್ದು ಯಾರ ಕೈಗೂ ಸಿಗಕೂಡದು ಅನ್ನೋದು ಮಾಯೆಯ ಕಟ್ಟಳೆ. ಜಗಳ ತೀರಿದರೆ ಮಾತ್ರ ಸಿಗ್ತದೆ. ತೀರೋದು ಅಂದರೆ ಗೆದ್ದವನು ಕುಣಿಯೋದಲ್ಲ ಮಗಾ. ಸೋತವನು ಎದ್ದು, ನಾನು ಯಾಕೆ ಸೋತೆ ಅಂತ ತನ್ನ ಬಾಯಿಂದ ಹೇಳಬೇಕು."

ಏಳನೆಯ ಪೀಠದವನು ಆ ವಾರವಷ್ಟೇ ಉಂಡದ್ದು ಹೆಚ್ಚಾಗಿ ಸತ್ತಿದ್ದ. ಎಂಟನೆಯ ದಿನ ಆನೆ ಹಾರ ಹಾಕುವುದೆಂದು ಊರಲ್ಲಿ ಡಂಗುರ ಹೊಡೆದಿದ್ದರು. ಮಲ್ಲಾಜಿ ಓಣಿಯಲ್ಲಿ ಉಳಿದಿದ್ದ ಕಡೆಯ ಮುದ್ದೆ ಮಣ್ಣಿನಿಂದ ಮುಚ್ಚಳವಿದ್ದ ಮೂರು ಕುಡಿಕೆ ಮಾಡಿ ಸುಟ್ಟಳು. ಅವನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟಳು.

ಒಂದು ಬೆಟ್ಟ ಹತ್ತಿದಳು, ಒಂದು ಬೆಟ್ಟ ಇಳಿದಳು. ಕರಿಬಂಡೆಯ ಗವಿಯ ಮುಂದೆ ಗಾಜಿನ ಉಗುರಿನ ಹುಲಿಯೊಂದು ಗರ್ಜಿಸುತ್ತಿತ್ತು. ಅದರೆದುರು ಒಂದು ಮುಳ್ಳುಹಂದಿ ಮುಳ್ಳು ನಿಮಿರಿಸಿ ನಿಂತಿತ್ತು.

"ಈ ಗವಿ ನನ್ನದು!" ಎಂದಿತು ಹುಲಿ.

"ನನ್ನದು," ಎಂದಿತು ಮುಳ್ಳುಹಂದಿ.

"ನಾನು ತೀರಿಸಿಕೊಡಲಾ?" ಎಂದಳು ಮಲ್ಲಾಜಿ.

ಹುಲಿ ಅವಳ ಕಡೆ ತಿರುಗಿತು. "ತೀರಿಸು. ನಿನಗಿಂತ ಮೊದಲು ಏಳು ಜನ ಬಂದಿದ್ದರು. ಏಳು ಜನರೂ ನನ್ನ ಉಗುರು ನೋಡಿ ಗವಿ ನನ್ನದೇ ಅಂದರು. ಆದರೂ ಈ ಮುಳ್ಳಿನ ಮೂಟೆ ಒಪ್ಪಲಿಲ್ಲ."

ಮಲ್ಲಾಜಿಗೆ ಭಯವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನಡುಗುವ ಕಾಲಲ್ಲೇ ಗವಿಯೊಳಗೆ ಹೋಗಿ ಗೋಡೆಯನ್ನೆಲ್ಲ ಅಂಗೈಯಿಂದ ಸವರಿ ನೋಡಿದಳು. ಮಣ್ಣನ್ನು ಓದುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಹೊರಗೆ ಬಂದು, "ಗವಿ ಮುಳ್ಳುಹಂದಿಯದು," ಎಂದಳು.

ಹುಲಿಯ ಗರ್ಜನೆಗೆ ಬಂಡೆ ಅದುರಿತು. ಮಲ್ಲಾಜಿ ಓಡಲಿಲ್ಲ.

"ಹುಲಿಯಣ್ಣ, ತಿನ್ನೋದಿದ್ದರೆ ಆಮೇಲೆ ತಿನ್ನು. ಮೊದಲು ಒಳಗೆ ಬಂದು ಗೋಡೆ ನೋಡು. ಕೆರೆದ ಗುರುತು ಎಷ್ಟು ಅಗಲ ಇದೆ? ನಿನ್ನ ಉಗುರು ಇಟ್ಟು ನೋಡು."

ಹುಲಿ ಇಟ್ಟು ನೋಡಿತು. ಇಲ್ಲಿಟ್ಟಿತು, ಅಲ್ಲಿಟ್ಟಿತು, ಸೂರಿಗೂ ಇಟ್ಟಿತು. ಎಲ್ಲೂ ಹೊಂದಲಿಲ್ಲ. ಉಗುರು ಒಳಗೆಳೆದುಕೊಂಡು ಕೂತಿತು. ಕಡೆಗೆ ಎದ್ದು ನಿಂತು ಹೇಳಿತು: "ನಾನು ಸೋತೆ. ಯಾಕೆಂದರೆ ಈ ಗವಿ ತೋಡಿದ್ದು ನಾನಲ್ಲ. ಒಂದು ಮಳೆಗಾಲ ಒಳಗೆ ಬಂದು ಮಲಗಿದೆ. ಯಾರೂ ಎಬ್ಬಿಸುವ ಧೈರ್ಯ ಮಾಡಲಿಲ್ಲ. ಅದನ್ನೇ ನನ್ನ ಹಕ್ಕು ಅಂದುಕೊಂಡೆ."

ಹಾಗೆಂದದ್ದೇ ತಡ, ಗವಿಯ ಸೂರಿನಿಂದ ಮಿಣುಕುವ ಎರಡು ಬೆಳಕಿನ ಹನಿ ಕೆಳಗೆ ಬಿದ್ದವು. ಮಲ್ಲಾಜಿ ಅವನ್ನು ಮೊದಲ ಕುಡಿಕೆಯಲ್ಲಿ ಹಿಡಿದುಕೊಂಡಳು. ಮುಳ್ಳುಹಂದಿ ಹುಲಿಯ ಮುಖ ನೋಡಿ, "ಮಳೆ ಬಂದಾಗ ಬಾ ಮಾರಾಯ, ಕೇಳಿಕೊಂಡು ಬಾ ಅಷ್ಟೆ," ಎಂದಿತು.

ಇನ್ನೊಂದು ಬೆಟ್ಟ ಹತ್ತಿದಳು, ಇನ್ನೊಂದು ಬೆಟ್ಟ ಇಳಿದಳು. ಕೆಳಗೆ ನೀಲಿ ಸರೋವರವಿತ್ತು. ದಂಡೆಯಲ್ಲಿ ಸಾವಿರ ಕೊಕ್ಕರೆಗಳು ಕಿವಿ ಕಿತ್ತುಹೋಗುವಂತೆ ಕಿರುಚುತ್ತಿದ್ದವು. ನಡುನೀರಿನಲ್ಲಿ ಕಲ್ಲಿನ ಮೈಯ ಮೊಸಳೆಯೊಂದು ಬಾಯಿ ಮುಚ್ಚಿಕೊಂಡು ತೇಲುತ್ತಿತ್ತು.

"ಕಳ್ಳ! ನೆರೆ ಬಂದ ದಿನ ನಮ್ಮ ಮೊಟ್ಟೆಗಳನ್ನೆಲ್ಲ ತಿಂದ!" ಎಂದವು ಕೊಕ್ಕರೆಗಳು. "ಬಾಯಿಗೆ ಹಾಕಿಕೊಂಡದ್ದನ್ನ ನಾವೇ ಕಣ್ಣಾರೆ ಕಂಡಿದೀವಿ. ಇನ್ನೇನು ಬೇಕು? ಕೊಲ್ಲಿ ಅಂತ ತೀರ್ಪು ಕೊಡು!"

"ಮೊಸಳೆ ಏನು ಹೇಳ್ತದೆ?" ಎಂದಳು ಮಲ್ಲಾಜಿ.

"ಏನು ಹೇಳ್ತದೆ? ತಪ್ಪು ಮಾಡಿದವನಿಗೆ ಮಾತೆಲ್ಲಿಂದ ಬರಬೇಕು? ಆವತ್ತಿಂದ ಬಾಯೇ ಬಿಟ್ಟಿಲ್ಲ."

"ಅದರ ಮಾತು ಕೇಳದೆ ನಾನು ತೀರ್ಪು ಕೊಡೋದಿಲ್ಲ," ಎಂದು ಮಲ್ಲಾಜಿ ದಂಡೆಯಲ್ಲಿ ಕೂತುಬಿಟ್ಟಳು. ಕೊಕ್ಕರೆಗಳು ಬೈದವು, ರೆಕ್ಕೆಯಿಂದ ಹೊಡೆದವು. ಅವಳು ಮಾತ್ರ ಮೊಸಳೆಯ ಕಣ್ಣನ್ನೇ ನೋಡುತ್ತಿದ್ದಳು. ಅದು ಒಮ್ಮೆ ದಂಡೆಯ ಕಡೆ ನೋಡುತ್ತದೆ, ಒಮ್ಮೆ ನೀರಿನ ಕಡೆ ನೋಡುತ್ತದೆ, ಬಾಯನ್ನು ಇನ್ನೂ ಬಿಗಿ ಹಿಡಿಯುತ್ತದೆ. ಬೆಳಗ್ಗೆ ಕೂತವಳಿಗೆ ಮಧ್ಯಾಹ್ನದ ಹೊತ್ತಿಗೆ ಏನೋ ಹೊಳೆಯಿತು. ಎದ್ದು ದಂಡೆಯ ಒಣ ಜಾಗದಲ್ಲಿ ಕೆಸರು ಕಲಸಿ, ಜೊಂಡು ಹಾಸಿ, ಅಗಲವಾದ ಗೂಡೊಂದನ್ನು ತಟ್ಟಿದಳು.

"ಇಲ್ಲಿ ಒಣಗಿದೆ, ನೀರು ಬರೋದಿಲ್ಲ. ಬಾ ತಾಯಿ," ಎಂದಳು.

ಮೊಸಳೆ ಮೆಲ್ಲಗೆ ದಂಡೆ ಹತ್ತಿತು. ಗೂಡಿನ ಮೇಲೆ ಬಗ್ಗಿ ಬಾಯಿ ತೆರೆಯಿತು. ಒಂದೊಂದಾಗಿ ಮೂವತ್ತು ಮೊಟ್ಟೆ ಹೊರಗೆ ಉರುಳಿದವು. ಒಂದಕ್ಕೂ ಬಿರುಕಿರಲಿಲ್ಲ.

"ಅಬ್ಬಾ!" ಎಂದು ಮೊಸಳೆ ದವಡೆ ಆಡಿಸಿತು. "ನೆರೆಯಲ್ಲಿ ತೇಲಿ ಹೋಗ್ತಿದ್ದವು. ನಮ್ಮ ಮರಿಗಳನ್ನ ಹೊರೋ ಹಾಗೆ ಇವನ್ನೂ ಹೊತ್ತುಕೊಂಡೆ. ದಂಡೆಗೆ ಬಂದರೆ ಇವರು ಕುಕ್ತಾರೆ. ಬಾಯಿ ಬಿಟ್ಟು ಹೇಳೋಣ ಅಂದರೆ ಮೊಟ್ಟೆ ನೀರಿಗೆ ಬೀಳ್ತವೆ. ಏನು ಮಾಡಲಿ ಹೇಳು?"

ಕೊಕ್ಕರೆಗಳು ಓಡಿಬಂದು ಗೂಡಿನ ಸುತ್ತ ನೆರೆದವು. ಅವುಗಳಲ್ಲಿ ಹಿರಿಯದು ಮುಂದೆ ಬಂದು ಕತ್ತು ತಗ್ಗಿಸಿ ಹೇಳಿತು: "ನಾವು ಸೋತೆವು. ಯಾಕೆಂದರೆ ನಾವು ಕಂಡದ್ದು ಅರ್ಧ. ಉಳಿದರ್ಧ ಹೇಳಬೇಕಾದವಳ ಮಾತಿಗೆ ಕಾಯಲಿಲ್ಲ. ಸಾವಿರ ಜನ ಕೂಗಿದೆವು, ಅದನ್ನೇ ಸಾಕ್ಷಿ ಅಂದುಕೊಂಡೆವು." ಸರೋವರದ ತಳದಿಂದ ಪುಟ್ಟ ಶಂಖವೊಂದು ಮೇಲೆ ತೇಲಿತು. ಅದರೊಳಗೆ ಆನೆಯ ಕೇಳ್ಮೆ ಗುಂಯ್ಗುಡುತ್ತಿತ್ತು. ಮಲ್ಲಾಜಿ ಅದನ್ನು ಎರಡನೆಯ ಕುಡಿಕೆಗೆ ಹಾಕಿಕೊಂಡಳು.

ಎಲ್ಲಕ್ಕೂ ಎತ್ತರದ ಬೆಟ್ಟವನ್ನು ಏರಿದಾಗ ಏಳನೆಯ ದಿನದ ಬಿಸಿಲು ನೆತ್ತಿಗೆ ಬಂದಿತ್ತು. ತುದಿಯಲ್ಲಿ ಒಂದು ಕಲ್ಲಿನ ಪೀಠವಿತ್ತು. ಅದರ ಮೇಲೆ ಎರಡು ತಲೆಯ ಗಂಡಭೇರುಂಡ ಕೂತು ತನಗೆ ತಾನೇ ಜಗಳವಾಡುತ್ತಿತ್ತು.

"ನಾನು ಹಿರಿಯ," ಎಂದಿತು ಬಲದ ತಲೆ. "ಹಾಗಂತ ನಾನೇ ತೀರ್ಪು ಕೊಟ್ಟಿದೀನಿ."

"ನಾನು ಹಿರಿಯ," ಎಂದಿತು ಎಡದ ತಲೆ. "ನನ್ನ ತೀರ್ಪೂ ಬಂದಾಗಿದೆ, ನಿನ್ನದು ಅಳಿಸಿಹೋಯಿತು."

ಆಮೇಲೆ ಎರಡು ತಲೆಗಳೂ ಒಟ್ಟಿಗೆ ಮಲ್ಲಾಜಿಯನ್ನು ಕಂಡವು. ಬಲದ ತಲೆ ಮೆತ್ತಗೆ ಹೇಳಿತು: "ಕುಂಬಾರರ ಹುಡುಗಿ, ನೀನು ಯಾಕೆ ಬಂದೆ ಅಂತ ಗೊತ್ತು. ಇದು ಮಾತು ನಡೆಯುವ ಪೀಠ. ಇದರ ಮೇಲೆ ಕೂತು ಯಾರು ಏನು ತೀರ್ಪು ಕೊಟ್ಟರೂ ಆ ಕ್ಷಣವೇ ಹಾಗಾಗುತ್ತದೆ. ಬಾ, ಕೂತುಕೋ. ಹಳೇಕೊಳ ಕುಂಬಾರರದು ಅನ್ನು. ಈಗಲೇ ಆಗಿಹೋಗುತ್ತದೆ."

ಎಡದ ತಲೆ, "ನಿನ್ನ ತಾಯಿ ಗೋಣಿ ಕಟ್ಟಿ ಆಯಿತು. ಬೇಗ," ಎಂದಿತು.

ಪೀಠದ ಬುಡದ ಕಲ್ಲಿನಲ್ಲಿ, ಕನ್ನಡಿಯಲ್ಲಿ ಕಂಡಂತೆ, ಮಲ್ಲಾಜಿಗೆ ತನ್ನ ಓಣಿ ಕಾಣಿಸಿತು. ಬಾಗಿಲುಗಳಿಗೆ ಚಿಲಕ ಹಾಕಿದ್ದರು. ಗಾಡಿಗಳಲ್ಲಿ ತಿಗರಿಗಳು ಮಗುಚಿಕೊಂಡಿದ್ದವು. ಕದಿರವ್ವ ತಣ್ಣಗಾದ ಆವಿಗೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಮಲ್ಲಾಜಿ ಒಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು ಹೆಜ್ಜೆ ಮುಂದಿಟ್ಟಳು. ಪೀಠದ ಕಲ್ಲನ್ನು ಮುಟ್ಟಿದಳು. ಮುಟ್ಟಿದ ಕೈ ಅಲ್ಲೇ ನಿಂತಿತು.

"ಒಲ್ಲೆ," ಎಂದಳು.

"ಯಾಕೆ?" ಎಂದವು ಎರಡು ತಲೆಗಳೂ.

ಮಲ್ಲಾಜಿ ಅಳುತ್ತಲೇ ಹೇಳಿದಳು: "ಈ ಪೀಠದ ಮೇಲೆ ನಾನು ಕೂತರೆ ನಾನೂ ಇನ್ನೊಬ್ಬ ದೇವಣ್ಣಯ್ಯನೇ. ಕೆಂಚೇಗೌಡನ ಮಗಳೋ ಸೊಸೆಯೋ ನಾಳೆ ಬಂದು ನಾವು ಯಾಕೆ ಸೋತ್ವಿ ಅಂತ ಕೇಳಿದರೆ ಏನು ಹೇಳಲಿ? ನಾನು ಕುಂಬಾರಗಿತ್ತಿ, ಅದಕ್ಕೇ ಅನ್ನಲಾ? ಕೊಳ ನಮಗೆ ಬೇಕು. ಅದಿಲ್ಲದೆ ನಾವು ಬದುಕೋದಿಲ್ಲ. ಆದರೆ ನನ್ನ ವ್ಯಾಜ್ಯಕ್ಕೆ ನಾನೇ ನ್ಯಾಯಾಧೀಶೆಯಾಗೋದು ಒಲ್ಲೆ."

ಎರಡು ತಲೆಗಳೂ ಹುಟ್ಟಿದ ಮೇಲೆ ಮೊದಲ ಬಾರಿಗೆ ಒಂದನ್ನೊಂದು ನೋಡಿದವು. "ನಾನು ಸೋತೆ," ಎಂದಿತು ಬಲದ ತಲೆ. "ನಾನೂ ಸೋತೆ," ಎಂದಿತು ಎಡದ ತಲೆ. "ಯಾಕೆಂದರೆ ಜಗಳವೂ ನಮ್ಮದೇ, ತೀರ್ಪೂ ನಮ್ಮದೇ ಆಗಿತ್ತು. ಇಷ್ಟು ವರ್ಷ ತೀರದೆ ಉಳಿದದ್ದು ಅದಕ್ಕೇ." ಗಂಡಭೇರುಂಡದ ಎದೆಯಿಂದ, ಆನೆಯ 'ಒಲ್ಲೆ'ಯನ್ನು ಹೊತ್ತ ಬಿಳಿ ಗರಿಯೊಂದು ಕಳಚಿ ಮಲ್ಲಾಜಿಯ ಮೂರನೆಯ ಕುಡಿಕೆಯೊಳಗೆ ಇಳಿಯಿತು. ಹಕ್ಕಿ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರಿ, ಎಂಟನೆಯ ಬೆಳಗ್ಗೆ ಅರಮನೆಯ ಬಯಲಿಗೆ ತಂದಿಳಿಸಿತು.

ಬಯಲು ತುಂಬ ಜನ. ರಾಜ ಸಿಂಗರಸ ಸಿಂಹಾಸನದಲ್ಲಿದ್ದ. ಕಾಳಂಜ ಕರಿಯ ಶಾಲು ಹೊದ್ದು, ಏಳಡಿ ಎತ್ತರಕ್ಕೆ, ಕೈಯಲ್ಲಿ ಮೂಳೆಯ ಕೋಲು ಹಿಡಿದು ನಿಂತಿದ್ದ. ಮುಂದಿನ ಸಾಲಿನಲ್ಲಿ ಅವನ ಸೋದರಳಿಯ ಹೊಸ ಪಂಚೆಯುಟ್ಟು, ಹಾರ ಬೀಳಲೆಂದು ಆಗಲೇ ಕತ್ತು ಬಗ್ಗಿಸಿಕೊಂಡು, ಹಾಗೇ ನಿದ್ದೆಹೋಗಿದ್ದ. ಆನೆ ಹಾರ ಹಿಡಿದು ಹೆಜ್ಜೆ ಹಾಕತೊಡಗಿತ್ತು.

ಮಲ್ಲಾಜಿ ಜನರ ನಡುವೆ ತೂರಿಕೊಂಡು ಓಡಿದಳು. ಮಾವುತ ಜಟ್ಟಪ್ಪ ಅವಳನ್ನು ಎತ್ತಿ ಆನೆಯ ದಂತದ ಮೇಲೆ ನಿಲ್ಲಿಸಿದ. ಮೊದಲ ಕುಡಿಕೆ ಒಡೆದಳು, ಆನೆ ಕಣ್ಣು ಮಿಟುಕಿಸಿತು. ಎರಡನೆಯ ಕುಡಿಕೆ ಒಡೆದಳು, ಆನೆ ಕಿವಿ ಬೀಸಿತು. ಮೂರನೆಯ ಕುಡಿಕೆ ಒಡೆದಳು, ಆನೆ ನಿಂತುಬಿಟ್ಟಿತು.

"ನಡಿ!" ಎಂದು ಕಾಳಂಜ ಕೋಲೆತ್ತಿದ.

"ಒಲ್ಲೆ," ಎಂದಿತು ಮೇಘರಾಜ. ಮೂವತ್ತು ವರ್ಷ ಕಟ್ಟಿಟ್ಟಿದ್ದ ಮಾತು. ಅರಮನೆಯ ಕಂಬಗಳು ಗುಂಯ್ಗುಟ್ಟಿದವು. ಸೋದರಳಿಯನಿಗೂ ಎಚ್ಚರವಾಯಿತು.

ಆಮೇಲೆ ಆನೆ, ಎಲ್ಲರೂ ನೋಡುತ್ತಿದ್ದ ಹಾಗೇ, ಸೇವಂತಿಗೆಯ ಹಾರವನ್ನು ಬಾಯಿಗಿಟ್ಟುಕೊಂಡು ತಿಂದುಬಿಟ್ಟಿತು.

ಜನ ದಂಗಾದರು. ಜಟ್ಟಪ್ಪ ಮೂವತ್ತು ವರ್ಷದ ಕಳ್ಳತನವನ್ನೆಲ್ಲ ಗಟ್ಟಿಯಾಗಿ ಹೇಳಿದ. ಕೇಳಿದವರಿಗೆ ರಕ್ತ ಕುದಿಯಿತು. ಯಾರೋ ಇನ್ನೊಂದು ಹಾರ ತಂದು, "ಮೇಘರಾಜ, ಈಗ ನೀನೇ ನಿಜವಾದ ನ್ಯಾಯಾಧೀಶರನ್ನ ಆರಿಸು! ಮಲ್ಲಾಜಿಗೆ ಹಾಕು!" ಎಂದು ಕೂಗಿದರು. ನಮ್ಮವರೂ ಅಷ್ಟೇ, ಆನೆಯನ್ನು ಬಿಡಿಸಿದ ಮರುಗಳಿಗೆಯೇ ಮತ್ತೆ ಅದರ ತಲೆಯ ಮೇಲೆ ಹೊರೆ ಹೊರಿಸಲು ಹೊರಟರು.

"ಒಲ್ಲೆ," ಎಂದಿತು ಆನೆ ಎರಡನೆಯ ಸಲ. "ನನಗೆ ಸೊಪ್ಪು ಗೊತ್ತು, ನೀರು ಗೊತ್ತು, ಜಟ್ಟಪ್ಪನ ಕೈ ಗೊತ್ತು. ನ್ಯಾಯ ನನಗೇನು ಗೊತ್ತು? ನಿಮ್ಮ ಕೆಲಸ ನನಗೆ ಹೊರಿಸಿ ನೀವು ಹಾಯಾಗಿದ್ದಿರಿ. ಅದಕ್ಕೇ ಕಳ್ಳನಿಗೆ ದಾರಿಯಾಯಿತು. ನಿಮ್ಮ ನ್ಯಾಯಾಧೀಶರನ್ನು ನೀವೇ ನೋಡಿ, ಕೇಳಿ, ಆರಿಸಿಕೊಳ್ಳಿ."

ರಾಜ ಸಿಂಗರಸನ ಮುಖ ಕೆಂಪಾಯಿತು. ಅವನು ಸಿಂಹಾಸನದಿಂದ ಇಳಿದು ಬಂದ.

ಕಾಳಂಜ ಅಟ್ಟಹಾಸ ಮಾಡಿ ಮೂಳೆಯ ಕೋಲನ್ನು ಮಲ್ಲಾಜಿಯ ಕಡೆ ತಿರುಗಿಸಿದ. ಕೋಲಿನ ತುದಿಯಿಂದ ಹಸಿರು ಬೆಂಕಿ ಎದ್ದಿತು. ಆಗ ಗುಂಪಿನಿಂದ ಒಬ್ಬ ಮುದುಕ, "ನನ್ನ ಹೊಲ ಹೋಯಿತಲ್ಲ, ನಾನು ಯಾಕೆ ಸೋತೆ?" ಎಂದು ಕೇಳಿದ. ಬೆಂಕಿ ಒಂದು ಗೇಣು ತಗ್ಗಿತು, ಕಾಳಂಜನೂ ಒಂದು ಗೇಣು ಕುಗ್ಗಿದ. ಒಬ್ಬ ನೇಕಾರ ಎದ್ದ: "ನನ್ನ ಮಗ್ಗ ಕಿತ್ತುಕೊಂಡರಲ್ಲ, ಯಾಕೆ?" ಇನ್ನೊಂದು ಗೇಣು ಕುಗ್ಗಿದ. ಯಾರೂ ಕೇಳದಿರುವವರೆಗೆ ಮಾತ್ರ ಅವನ ಮಂತ್ರಕ್ಕೆ ಬಲ. ಈಗ ಸಾವಿರ ಬಾಯಿ ಕೇಳತೊಡಗಿದವು. ಕಾಳಂಜ ಉತ್ತರ ಕೊಡಲು ಬಾಯಿ ತೆರೆದ. ಬರೀ ಹೊಗೆ ಬಂತು. ಮೊಣಕಾಲುದ್ದವಾದ, ಗೇಣುದ್ದವಾದ, ಹೆಬ್ಬೆರಳಿನಷ್ಟಾದ, ಚಪ್ಪಡಿಯ ಸಂದಿಯೊಳಗೆ ನುಸುಳಿದ. ಮತ್ತೆಂದೂ ಅವನನ್ನು ಯಾರೂ ಕಾಣಲಿಲ್ಲ. ಅವನ ಆರು ಜನ ನ್ಯಾಯಾಧೀಶರು ತಾವಾಗಿಯೇ ರುಮಾಲು ತೆಗೆದಿಟ್ಟು ಮನೆಯ ದಾರಿ ಹಿಡಿದರು.

ಕುಂಬಾರರ ಗಾಡಿಗಳು ಊರಬಾಗಿಲು ದಾಟುವ ಮೊದಲೇ ರಾಜ ಆಳುಗಳನ್ನು ಕಳಿಸಿ ನಿಲ್ಲಿಸಿದ. ಅದೇ ದಿನ ಬಯಲಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೊಸ ಕಟ್ಟಳೆ ಮಾಡಿದ. ಕದ ಹಾಕಿಕೊಂಡು ನ್ಯಾಯಾಧೀಶರನ್ನು ಆರಿಸಕೂಡದು. ಕೂತಿರುವ ನ್ಯಾಯಾಧೀಶರ ನೆಂಟರು ಯಾವ ಪೀಠಕ್ಕೂ ನಿಲ್ಲಕೂಡದು. ನಿಲ್ಲುವವರು ಬಯಲಿನಲ್ಲಿ, ಎಲ್ಲರ ಮುಂದೆ, ನಿಜವಾದ ವ್ಯಾಜ್ಯವೊಂದನ್ನು ಕೇಳಿ ತೀರ್ಪು ಕೊಡಬೇಕು. ಸೋತವರು ಎದ್ದು ತಾವು ಯಾಕೆ ಸೋತೆವೆಂದು ಹೇಳಬಲ್ಲರಾದರೆ ಮಾತ್ರ ಪೀಠ. ಗೆದ್ದವರ ಹೊಗಳಿಕೆ ಲೆಕ್ಕಕ್ಕಿಲ್ಲ.

ಮೊದಲು ನಿಂತವರು ಒಬ್ಬ ಮಹಾಪಂಡಿತರು. ಆರು ಶಾಸ್ತ್ರ ಬಲ್ಲವರು. ಮೂರು ಗಳಿಗೆ ತೀರ್ಪು ಓದಿದರು. ಸೋತವನು ಎದ್ದು ತಲೆ ಕೆರೆದುಕೊಂಡು, "ಅವರೇನು ಹೇಳಿದರೋ ಆ ದೇವರಿಗೇ ಗೊತ್ತು," ಎಂದ. ಪಂಡಿತರು ಇಳಿದರು. ಆಮೇಲೆ ನಿಂತವಳು ಸೂಲಗಿತ್ತಿ ಗಿರಿಯವ್ವ. ಬಲು ಒರಟು ಬಾಯಿ. ಕುಂಬಾರ ಓಣಿಯಲ್ಲಿ ಅವಳನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ, ಮಲ್ಲಾಜಿಯ ಮಡಕೆಯನ್ನು ಸೋರುತ್ತದೆಂದು ಸಂತೆಯಲ್ಲೇ ಜರೆದವಳು. ಆದರೆ ಅವಳು ಅಣ್ಣತಮ್ಮಂದಿರ ಜಗಳವೊಂದನ್ನು ಕೇಳಿ ತೀರ್ಪು ಕೊಟ್ಟಾಗ, ಸೋತ ತಮ್ಮ ಎದ್ದು ನಿಂತು ತಡವರಿಸದೆ ಕಾರಣ ಹೇಳಿದ. ಬಯಲೆಲ್ಲ ಹೋ ಎಂದಿತು. ಸಿರಿವೊಳಲಿನ ಜನ ಆರಿಸಿದ ಮೊದಲ ನ್ಯಾಯಾಧೀಶೆ ಸೂಲಗಿತ್ತಿ. ಹೌದು, ಸೂಲಗಿತ್ತಿ! ಬೇರೆ ರಾಜ್ಯಗಳಲ್ಲಿ ಆಗ ಇಂಥದ್ದು ಇತ್ತೇ, ಹೇಳಿ.

ಅವಳ ಮುಂದೆ ಬಂದ ಮೊದಲ ವ್ಯಾಜ್ಯ ಹಳೇಕೊಳದ್ದು.

ಕದಿರವ್ವ ಮಗಳ ಕೈ ಹಿಡಿದು, "ನಿನ್ನಿಂದಲ್ಲವೇನೆ ಅವಳಿಗೆ ಪೀಠ ಸಿಕ್ಕಿದ್ದು? ಒಂದು ಮಾತು ಹೇಳಿ ಬಾರೇ," ಎಂದಳು.

"ಒಲ್ಲೆನವ್ವ," ಎಂದಳು ಮಲ್ಲಾಜಿ.

ಗಿರಿಯವ್ವ ಪೀಠದಲ್ಲಿ ಕೂತು ಕೇಳಲಿಲ್ಲ. ಎರಡೂ ಕಡೆಯವರನ್ನು ಕರೆದುಕೊಂಡು ಕೊಳದ ಸುತ್ತ ನಡೆದಳು. ಪೂರ್ವದ ದಂಡೆಯಲ್ಲಿ ಏಳು ತಲೆಮಾರಿನ ಮಣ್ಣಿನ ಗುಂಡಿಗಳು ಮೆಟ್ಟಿಲಿನ ಹಾಗೆ ಇಳಿದಿದ್ದವು. ಪಶ್ಚಿಮದ ಇಳಿಜಾರಿನಲ್ಲಿ ದನಗಳು ನೀರಿಗಿಳಿದು ಸವೆಸಿದ ಹಳೆಯ ದಾರಿಯಿತ್ತು. ಆ ದಾರಿಯ ನಡುವೆ ಹೊಸದೊಂದು ಆಳವಾದ ಗುಂಡಿ ಬಾಯಿ ತೆರೆದಿತ್ತು.

"ಇದು ಯಾರು ತೋಡಿದ್ದು?" ಎಂದಳು ಗಿರಿಯವ್ವ.

ಕುಂಬಾರರೆಲ್ಲ ನೆಲ ನೋಡಿದರು. "ನಾನು," ಎಂದಳು ಮಲ್ಲಾಜಿ. "ಇಲ್ಲಿ ಕರಿಮಣ್ಣು ಸಿಗ್ತದೆ. ಇದರಷ್ಟು ನಯವಾದ ಮಣ್ಣು ಇನ್ನೆಲ್ಲೂ ಇಲ್ಲ."

"ನನ್ನ ಎರಡು ಹಸು ಇದರಲ್ಲೇ ಬಿದ್ದು ಕಾಲು ಮುರಿದುಕೊಂಡವು," ಎಂದ ಕೆಂಚೇಗೌಡ. "ನಾನು ಪೀಠಕ್ಕೆ ಹೋಗಿದ್ದು ಇದಕ್ಕೇ ಕಣಮ್ಮ. ಪೂರಾ ಕೊಳ ಕೊಡ್ತೀನಿ ಅಂದರು ಬೀಗರು. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಗಿರಿಯವ್ವ ಕೊಳದ ದಂಡೆಯಲ್ಲೇ ನಿಂತು ತೀರ್ಪು ಕೊಟ್ಟಳು. ಪೂರ್ವದ ದಂಡೆ ಕುಂಬಾರರದು. ಪಶ್ಚಿಮದ ಇಳಿಜಾರು ದನಗಳದು. ಕರಿಮಣ್ಣಿನ ಗುಂಡಿಯನ್ನು ತೋಡಿದವರೇ ಮುಚ್ಚಬೇಕು.

ಮೊದಲು ಕೆಂಚೇಗೌಡ ರುಮಾಲು ತೆಗೆದು ನಿಂತ. "ಪೂರ್ವದ ದಂಡೆ ನಾನು ಸೋತೆ. ಯಾಕೆಂದರೆ ಅಲ್ಲಿ ನನ್ನ ದನ ಯಾವತ್ತೂ ಇಳಿದಿಲ್ಲ. ನೆಂಟಸ್ತನದಿಂದ ಸಿಕ್ಕಿದ್ದನ್ನ ನನ್ನದು ಅಂದುಕೊಂಡೆ," ಎಂದು ಕೂತ.

ಮಲ್ಲಾಜಿ ಎದ್ದಳು. ಓಣಿಯ ಐವತ್ತು ಮನೆಯವರೂ ಅವಳನ್ನೇ ನೋಡುತ್ತಿದ್ದರು. ಅವಳು ಹುಲಿಯ ಮುಂದೆ ನಡುಗಿದ್ದವಳು, ಪೀಠದ ಮುಂದೆ ಅತ್ತಿದ್ದವಳು. ಈಗ ನಡುಗಲೂ ಇಲ್ಲ, ಅಳಲೂ ಇಲ್ಲ. ಊರಿಗೆಲ್ಲ ಕೇಳಿಸುವ ಹಾಗೆ ಹೇಳಿದಳು: "ನಾನು ಕರಿಮಣ್ಣು ಸೋತೆ. ಯಾಕೆಂದರೆ ಅದು ದನದ ದಾರಿ ಅಂತ ನನಗೆ ಗೊತ್ತಿತ್ತು. ಮಣ್ಣು ಚೆನ್ನಾಗಿದೆ ಅನ್ನೋ ಆಸೆಗೆ ದಾರಿಯನ್ನ ಕಡಿದೆ. ಹಸುಗಳು ಬಿದ್ದ ಸುದ್ದಿ ಕೇಳಿಯೂ ಹೋಗಿ ನೋಡಲಿಲ್ಲ. ತೀರ್ಪು ಸರಿ."

ಕದಿರವ್ವನ ಕಣ್ಣಲ್ಲಿ ನೀರು ತುಂಬಿತು. ಕರಿಮಣ್ಣು ಹೋಯಿತೆಂದು ಅಲ್ಲ. ಅವಳು ಪಕ್ಕದವಳ ಭುಜ ತಿವಿದು, "ನನ್ನ ಮಗಳು ಕಣೇ," ಎಂದಳು.

ಮಲ್ಲಾಜಿ ಸೆರಗು ಕಟ್ಟಿ ಗುದ್ದಲಿ ಹಿಡಿದು ಗುಂಡಿಗಿಳಿದಳು. ಸ್ವಲ್ಪ ಹೊತ್ತಿಗೆ ಕುಂಬಾರರೂ ಇಳಿದರು, ಆಮೇಲೆ ಗೋವಳರೂ ಇಳಿದರು. ಸಂಜೆಯೊಳಗೆ ದಾರಿ ಸಮನಾಯಿತು, ದನಗಳು ನೀರಿಗಿಳಿದವು, ಓಣಿಯಲ್ಲಿ ತಿಗರಿಗಳ ಗೋಣಿ ಬಿಚ್ಚಿದರು.

ಅಂದಿನಿಂದ ಸಿರಿವೊಳಲಿನವರು ಕುಂಬಾರರ ಮಡಕೆಯಲ್ಲಿ ಗೋವಳರ ಹಾಲು ಕಾಯಿಸಿಕೊಂಡು, ಮಕ್ಕಳು ಮರಿಗಳೊಂದಿಗೆ ತಣ್ಣಗೆ ಬಾಳಿದರು. ಮೇಘರಾಜ ಸೇವಂತಿಗೆ ತಿನ್ನುತ್ತ ನೂರು ವರ್ಷ ಬದುಕಿತು. ಬೇರೆ ರಾಜ್ಯದವರು ತಮ್ಮ ಕೋಟೆಯನ್ನೋ ಗೆದ್ದ ಯುದ್ಧವನ್ನೋ ಹೇಳಿಕೊಂಡು ಮೆರೆಯುತ್ತಾರೆ, ಮೆರೆಯಲಿ. ನಮ್ಮ ರಾಜ್ಯದಲ್ಲಿ ನ್ಯಾಯಪೀಠದ ಮುಂದೆ ಸೋತವರೂ ತಲೆಯೆತ್ತಿಕೊಂಡು ಮನೆಗೆ ಹೋಗುತ್ತಿದ್ದರು.